ಮೊರ ಹಾರಿಸಿದ ಬಗೆ

ಗೌರಿ ಹಬ್ಬದ ಮಾರನೆಯ ದಿನ ಬಾಗಿನದ ಮೊರವೊಂದು ನಮ್ಮ ಮನೆಯ ನಡುಮನೆಯ ಗೋಡೆಗೆ ಆತು ನಿಂತಿತ್ತು. ಅದನ್ನು ನಾನು ಎದುರಿನಿಂದ ಸಾವಿರ ಸಲ ನೋಡಿದ್ದೇನೆ. ಆ ದಿನ ಪಕ್ಕದಿಂದ ನೋಡಿದೆ. ಬಾಯಿಯ ಕಡೆ ತೆಳುವಾದ ಅಂಚು, ನಡುವೆ ತುಸು ತಗ್ಗು, ಹಿಂದೆ ಮೇಲಕ್ಕೆದ್ದ ಗೋಡೆ. ಬಾಲವಿಲ್ಲದ ವಿಮಾನದ ರೆಕ್ಕೆಯನ್ನು ಅಡ್ಡ ಕತ್ತರಿಸಿದರೆ ಕಾಣುವುದು ಹೆಚ್ಚುಕಡಿಮೆ ಇದೇ ಗೆರೆ. ಅಂತಹ ವಿಮಾನದಲ್ಲಿ ರೆಕ್ಕೆಯ ಹಿಂದಂಚನ್ನು ಸ್ವಲ್ಪ ಮೇಲಕ್ಕೆ ಎತ್ತಿರುತ್ತಾರೆ. ಇಲ್ಲದಿದ್ದರೆ ಅದು ಮೂಗು ಬಗ್ಗಿಸಿ ಮುಗ್ಗರಿಸುತ್ತದೆ. ಮೊರಕ್ಕೆ ಆ ಏರು ಹುಟ್ಟಿನಿಂದಲೇ ಬಂದಿದೆ.

ಹನ್ನೊಂದು ವರ್ಷಗಳಿಂದ ರಿಮೋಟ್ ವಿಮಾನಗಳನ್ನು ಕಟ್ಟಿ ಹಾರಿಸುತ್ತಿದ್ದೇನೆ. ವಿಮಾನದಂತೆ ಕಾಣದ ವಿಮಾನಗಳ ಮೇಲೆ ನನಗೆ ಮೊದಲಿನಿಂದಲೂ ಮೋಹ. ಅಮೆರಿಕದ ಹವ್ಯಾಸಿಗಳು ಹುಲ್ಲು ಕತ್ತರಿಸುವ ಯಂತ್ರವನ್ನು, ರಸ್ತೆಯ ಎಂಟು ಮೂಲೆಯ ‘ಸ್ಟಾಪ್’ ಫಲಕವನ್ನು, ನಾಯಿಗೂಡನ್ನು ಹಾರಿಸಿದ್ದಾರೆ. ಹುಲ್ಲು ಯಂತ್ರದಲ್ಲಿ ತಳದ ತಟ್ಟೆಯೇ ರೆಕ್ಕೆ, ಹಿಡಿಯೇ ಬಾಲಕ್ಕೆ ಆಧಾರ. ಅದರ ಜಾಣ್ಮೆ ಇರುವುದು ಅಲ್ಲಿಯೇ. ಸಾಮಾನ್ಯ ವಿಮಾನಕ್ಕೆ ವಸ್ತುವಿನ ಚಿತ್ರ ಅಂಟಿಸಿ ಹಾರಿಸುವುದು ನನಗೆ ಒಪ್ಪಿಗೆಯಿಲ್ಲ. ವಸ್ತುವಿನ ಒಂದೊಂದು ಅಂಗವೂ ವಿಮಾನದ ಒಂದು ಕೆಲಸವನ್ನು ಹೊತ್ತುಕೊಳ್ಳಬೇಕು.

ಈ ಕಣ್ಣಿನಿಂದ ನೋಡಿದಾಗ ಮೊರದಲ್ಲಿ ಇನ್ನೊಂದು ಗುಣ ಕಂಡಿತು. ಅದರ ಪಕ್ಕದ ಅಂಚುಗಳು ಹಿಂದೆ ಎತ್ತರವಾಗಿದ್ದು ಬಾಯಿಯ ಕಡೆಗೆ ಬರುತ್ತ ಇಳಿದು ಮಾಯವಾಗುತ್ತವೆ. ಎತ್ತರದ ಭಾಗವೆಲ್ಲ ಗುರುತ್ವ ಕೇಂದ್ರದ ಹಿಂದೆ ಬೀಳುವುದರಿಂದ ಅವೇ ಬಾಣದ ಗರಿಗಳಂತೆ ದಿಕ್ಕು ಹಿಡಿದು ನಿಲ್ಲಿಸುತ್ತವೆ. ಬೇರೆ ಬಾಲದ ಅಗತ್ಯವೇ ಇಲ್ಲ. ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ಸುತ್ತಿಕೊಳ್ಳುವುದನ್ನೂ ಅವು ಸ್ವಲ್ಪಮಟ್ಟಿಗೆ ತಡೆಯುತ್ತವೆ.

ಅಗಲವೂ ಉದ್ದವೂ ಒಂದೇ ಇರುವ ರೆಕ್ಕೆ ಹಾರುತ್ತದೆಯೇ ಎಂಬ ಅನುಮಾನ ನನಗಿರಲಿಲ್ಲ. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಝಿಮರ್‌ಮನ್ ವಿನ್ಯಾಸ ಮಾಡಿದ ವಾಟ್ ವಿ-173 ಎಂಬ ತಟ್ಟೆಯಾಕಾರದ ವಿಮಾನ 1942ರ ನವೆಂಬರ್ 23ರಂದು ಮನುಷ್ಯನನ್ನೇ ಹೊತ್ತು ಹಾರಿತ್ತು. ಗಿಡ್ಡ ರೆಕ್ಕೆ ಹೆಚ್ಚು ಶಕ್ತಿ ಕೇಳುತ್ತದೆ, ನಿಜ. ಆದರೆ ಮೂಗು ತುಂಬ ಮೇಲೆತ್ತಿದರೂ ಉದ್ದ ರೆಕ್ಕೆಯ ಹಾಗೆ ಥಟ್ಟನೆ ಕೈಬಿಡುವುದಿಲ್ಲ.

ಮೊದಲು ನಿಜವಾದ ಮೊರವನ್ನೇ ಹಾರಿಸುವ ಆಸೆಯಿಂದ ಸಂತೆಯಲ್ಲಿ ಮೇದರಿಂದ ಒಂದನ್ನು ಕೊಂಡುತಂದು ತಕ್ಕಡಿಗೆ ಇಟ್ಟೆ. ಬರಿಯ ಮೊರವೇ 600 ಗ್ರಾಂ ದಾಟಿತು. ಹೆಣಿಗೆಯ ಸಂದುಗಳಲ್ಲಿ ಗಾಳಿಯೂ ಸೋರುತ್ತದೆ. ಅಜ್ಜಿ ಹೊಸ ಮೊರಕ್ಕೆ ಸಗಣಿ ಸಾರಿಸಿ ಒಣಗಿಸಿದ ಮೇಲಷ್ಟೇ ಕಾಳಿಗೆ ಬಳಸುತ್ತಿದ್ದಳು. ಸಾರಿಸಿದರೆ ತೂಕ ಇನ್ನೂ ಏರುತ್ತದೆ. ಹಾಗಾಗಿ ಆ ಮೊರವನ್ನು ಅಡುಗೆಮನೆಗೆ ಕೊಟ್ಟು, ಅದರ ಅಳತೆ ಮಾತ್ರ ತೆಗೆದುಕೊಂಡು 5 ಮಿಲಿಮೀಟರ್ ದಪ್ಪದ ಫೋಮ್ ಹಾಳೆಗೆ ಇಳಿದೆ.

ಬಾಯಿಯ ಅಗಲ 60 ಸೆಂಟಿಮೀಟರ್, ಹಿಂಭಾಗ 40, ಉದ್ದ 60. ಒಟ್ಟು 3000 ಚದರ ಸೆಂಟಿಮೀಟರ್. ಬಾಯಿಯ ಅಂಚಿನಿಂದ ಸ್ವಲ್ಪ ಹಿಂದೆ ಅಡ್ಡಲಾಗಿ ಒಂದು ಕಾರ್ಬನ್ ಕೊಳವೆ, ಉದ್ದಕ್ಕೆ ಇನ್ನೊಂದು. 2212 ಅಳತೆಯ 1400 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಸುಮಾರು 1400 ಸುತ್ತು) ಮೋಟಾರ್, 8 ಇಂಚಿನ ಪ್ರೊಪೆಲ್ಲರ್, ಮೋಟಾರಿನ ವೇಗ ಹಿಡಿತದಲ್ಲಿಡುವ 30 ಆಂಪಿಯರ್ ಸ್ಪೀಡ್ ಕಂಟ್ರೋಲರ್, ರೆಕ್ಕೆಯ ಪಟ್ಟಿಗಳನ್ನು ಆಡಿಸುವ 9 ಗ್ರಾಂನ ಎರಡು ಸರ್ವೋ, ಮೂರು ಸೆಲ್‌ಗಳ 1300 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ. ಎಲ್ಲ ಸೇರಿ 430 ಗ್ರಾಂ. ಹಿಂದಿನ 8 ಸೆಂಟಿಮೀಟರ್ ಪಟ್ಟಿಯನ್ನು ನಡುವೆ ಸೀಳಿ ಎರಡು ಎಲಿವಾನ್‌ಗಳನ್ನಾಗಿ, ಅಂದರೆ ಮೇಲೆ ಕೆಳಗೆ ಆಡುವ ಪಟ್ಟಿಗಳನ್ನಾಗಿ ಮಾಡಿದೆ. ಎರಡೂ ಒಟ್ಟಿಗೆ ಎದ್ದರೆ ಮೂಗು ಮೇಲೆ. ಒಂದು ಎದ್ದು ಒಂದು ಇಳಿದರೆ ಹೊರಳು. ಈ ಮಿಶ್ರಣವನ್ನು ಟ್ರಾನ್ಸ್‌ಮಿಟರೇ ಮಾಡಿಕೊಡುತ್ತದೆ.

ಬಣ್ಣಕ್ಕೆ ನೀರಿನ ಬಣ್ಣವನ್ನೇ ಬಳಸಬೇಕು. ಡಬ್ಬಿಯಿಂದ ಸಿಂಪಡಿಸುವ ಬಣ್ಣದ ದ್ರಾವಕ ಫೋಮನ್ನು ತಿಂದುಹಾಕುತ್ತದೆ. ಮೇಲ್ಭಾಗಕ್ಕೆ ಬಾಗಿನದ ಮೊರದಂತೆ ಅರಿಶಿನದ ಹಳದಿ ಬಳಿದು, ಅದರ ಮೇಲೆ ಕಂದು ಪೆನ್ನಿನಿಂದ ಹೆಣಿಗೆಯ ಗೆರೆಗಳನ್ನು ಎಳೆದೆ. ಎರಡು ಸಂಜೆ ಅದಕ್ಕೇ ಹೋಯಿತು. ತಳಕ್ಕೆ ಗಾಢ ಕುಂಕುಮ. ಇದು ಬರಿಯ ಅಂದಕ್ಕಲ್ಲ. ನೂರು ಮೀಟರ್ ದೂರದಲ್ಲಿ ಮೊರದ ಮೇಲು ಯಾವುದು, ತಳ ಯಾವುದು ಎಂದು ತಿಳಿಯದಿದ್ದರೆ ಕೈ ತಪ್ಪು ಕಡೆಗೆ ತಿರುಗುತ್ತದೆ.

ಹಾರಾಟಕ್ಕೆ ತುಮಕೂರು ಜಿಲ್ಲೆಯ ನಮ್ಮೂರಿಗೆ ಹೋದೆ. ಡ್ರೋನ್ ಹಾರಾಟಕ್ಕೆಂದು ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ, ಮೊದಲೇ ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲಿತ್ತು. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಜನವೂ ಇಲ್ಲ, ತಂತಿಯೂ ಇಲ್ಲ.

ಮೊದಲ ಹಾರಾಟ ನಾಲ್ಕು ಸೆಕೆಂಡು. ಎಡಗೈಯಲ್ಲಿ ಟ್ರಾನ್ಸ್‌ಮಿಟರ್ ಹಿಡಿದು ಬಲಗೈಯಿಂದ ಎಸೆದೆ. ಮೊರ ಮೂಗೆತ್ತಿ ನೆಟ್ಟಗೆ ನಿಂತು, ಎಡಕ್ಕೆ ಹೊರಳಿ, ಬೆನ್ನಡಿಯಾಗಿ ಬಿದ್ದಿತು. ಎರಡನೆಯದೂ ಹಾಗೆಯೇ. ಪಕ್ಕದ ಒಂದು ಅಂಚು ಮುರಿಯಿತು. ಸಂಜೆಯೆಲ್ಲ ಜಗಲಿಯಲ್ಲಿ ಕುಳಿತು ಲೆಕ್ಕ ಹಾಕಿದಾಗ ಎರಡು ತಪ್ಪುಗಳು ಸಿಕ್ಕವು. ಮೂರನೆಯದು ನನಗೆ ಹೊಳೆಯಲಿಲ್ಲ.

ಒಂದು, ಗುರುತ್ವ ಕೇಂದ್ರ. ಸರಾಸರಿ ಉದ್ದದ ಕಾಲುಭಾಗ ಎಂಬ ರೂಢಿಯ ಲೆಕ್ಕದಂತೆ ಅದನ್ನು ಬಾಯಿಯಿಂದ 14 ಸೆಂಟಿಮೀಟರ್ ಹಿಂದೆ ಇಟ್ಟಿದ್ದೆ. ಇಷ್ಟು ಗಿಡ್ಡ ರೆಕ್ಕೆಗೆ ಅದು ತೀರ ಹಿಂದಾಯಿತು. ಬ್ಯಾಟರಿಯನ್ನು 10 ಸೆಂಟಿಮೀಟರ್ ಮುಂದಕ್ಕೆ, ಬಾಯಿಯಿಂದ ಹೊರಚಾಚಿದ ಮೋಟಾರಿನ ಕೋಲಿನ ಮೇಲೆಯೇ ಕಟ್ಟಿದಾಗ ಕೇಂದ್ರ 11.5ಕ್ಕೆ ಬಂದಿತು.

ಎರಡನೆಯದು ಹಿಂದಿನ ಗೋಡೆ. ಮೊರ ಮೊರದಂತೆ ಕಾಣಲಿ ಎಂದು 5 ಸೆಂಟಿಮೀಟರ್ ಎತ್ತರದ ಫೋಮ್ ಗೋಡೆಯನ್ನು ನೆಟ್ಟಗೆ ನಿಲ್ಲಿಸಿದ್ದೆ. ಮುಂದಿನಿಂದ ನುಗ್ಗಿದ ಗಾಳಿ ಅದಕ್ಕೆ ಬಡಿದು ಹಿಂಭಾಗವನ್ನು ಕೆಳಕ್ಕೆ ಒತ್ತುತ್ತಿತ್ತು. ಏರು ಬೇಕು, ಆದರೆ ಇಷ್ಟಲ್ಲ. ಗೋಡೆ ತೆಗೆದರೆ ಅದು ಮೊರವೇ ಅಲ್ಲ. ಆ ರಾತ್ರಿ ಸೊಳ್ಳೆ ಪರದೆಯೊಳಗೆ ಮಲಗಿ ಇದನ್ನೇ ಯೋಚಿಸುತ್ತಿದ್ದಾಗ ಪರದೆಯೇ ಉತ್ತರ ಕೊಟ್ಟಿತು. ಬೆಳಿಗ್ಗೆ ಹಳೆಯ ಪರದೆಯ ತುಂಡೊಂದನ್ನು ತೆಳ್ಳನೆಯ ಬಿದಿರು ಕಡ್ಡಿಗಳಿಗೆ ಅಂಟಿಸಿ, ಎರಡು ಭಾಗ ಮಾಡಿ, ಎಲಿವಾನ್‌ಗಳ ಮೇಲೆಯೇ ನಿಲ್ಲಿಸಿದೆ. ಕಣ್ಣಿಗೆ ಗೋಡೆ ಕಾಣುತ್ತದೆ, ಗಾಳಿಯ ಬಹುಪಾಲು ತೂರಿ ಹೋಗುತ್ತದೆ. ಬೇಕಾದ ಏರನ್ನು ಎಲಿವಾನ್‌ಗಳನ್ನು 8 ಮಿಲಿಮೀಟರ್ ಎತ್ತಿ ಕೊಟ್ಟೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಈ ಬಲೆ.

ಮೂರನೆಯ ತಪ್ಪನ್ನು ಕಂಡುಹಿಡಿದದ್ದು ಅಮ್ಮ. ಮೊರ ನೆಲಕ್ಕೆ ಬಿದ್ದಾಗಲೆಲ್ಲ “ಕಾಲು ತಾಗಿಸಬೇಡ, ಮೊದಲು ಎತ್ತಿಕೋ” ಎನ್ನುತ್ತ ಏರಿಯ ಮೇಲೆ ಕುಳಿತಿದ್ದವಳು, “ಮೊರವನ್ನು ಯಾರಾದರೂ ಒಂದು ಕೈಯಲ್ಲಿ ಹಿಡಿಯುತ್ತಾರೆಯೇ?” ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಒಂದೇ ಕೈಯಲ್ಲಿ ಎಸೆದಾಗ ಮೊರ ಓರೆಯಾಗಿಯೇ ಹೊರಡುತ್ತಿತ್ತು. ವೇಗ ಸಾಲದ ಆ ಕ್ಷಣದಲ್ಲಿ ಪ್ರೊಪೆಲ್ಲರ್ ತಿರುಗುವ ದಿಕ್ಕಿಗೆ ಎದುರಾಗಿ ಒಡಲೂ ತಿರುಗಲು ನೋಡುತ್ತದೆ. ಗಿಡ್ಡ ರೆಕ್ಕೆಗೆ ಅದನ್ನು ತಡೆಯುವ ಬಲವಿರುವುದಿಲ್ಲ. ಎರಡೂ ಸೇರಿ ಎಡಕ್ಕೆ ಹೊರಳಿಸುತ್ತಿದ್ದವು.

ಕೇರುವಾಗ ಹೆಂಗಸರು ಮೊರದ ಹಿಂಬದಿಯ ಎರಡು ಪಕ್ಕಗಳನ್ನು ಹಿಡಿಯುತ್ತಾರೆ, ಬಾಯಿ ಹೊರಗೆ ಇರುತ್ತದೆ. ನಮ್ಮ ಮೊರಕ್ಕೂ ಅದೇ ಸುರಕ್ಷಿತ ಹಿಡಿತ. ಪ್ರೊಪೆಲ್ಲರ್ ಕೈಯಿಂದ ಅರ್ಧ ಮೀಟರಿಗಿಂತ ದೂರ ಉಳಿಯುತ್ತದೆ. ಎಸೆಯುವ ಕೆಲಸವನ್ನು ಅಮ್ಮನಿಗೇ ಒಪ್ಪಿಸಿ, ಮೋಟಾರ್ ಬಿಚ್ಚಿಟ್ಟು ಹತ್ತು ಸಲ ಅಭ್ಯಾಸ ಮಾಡಿಸಿದೆ. ಅವಳಿಗೆ ಅದು ಬೇಕಿರಲಿಲ್ಲ. ಬೇಕಿದ್ದುದು ನನ್ನ ಧೈರ್ಯಕ್ಕೆ.

ಮೂರನೆಯ ದಿನ ಬೆಳಿಗ್ಗೆ ಏಳು ಗಂಟೆ. ಅಮ್ಮ ಒಂದು ಹಿಡಿ ಮಣ್ಣನ್ನು ಬೆರಳ ಸಂದಿಯಿಂದ ಉದುರಿಸಿ ಗಾಳಿ ನೋಡಿದಳು. ಕಣದಲ್ಲಿ ರಾಗಿ ತೂರುವಾಗ ಮಾಡುತ್ತಿದ್ದುದೇ ಹಾಗೆ. ನಾನು ಅವಳ ಹಿಂದೆ ನಿಂತು ಮೋಟಾರನ್ನು ಮುಕ್ಕಾಲು ವೇಗಕ್ಕೆ ತಂದೆ. ಅವಳು ಕಾಳು ಎತ್ತುವಂತೆ ಮೊರವನ್ನು ಒಮ್ಮೆ ತಗ್ಗಿಸಿ, ಎರಡು ಹೆಜ್ಜೆ ನಡೆದು, ಮಟ್ಟವಾಗಿ ಮುಂದಕ್ಕೆ ಬಿಟ್ಟಳು.

ಹೋಯಿತು. ಸ್ವಲ್ಪವೂ ಓರೆಯಾಗದೆ ಏರಿತು. ಮೊದಲ ತಿರುವಿನಲ್ಲಿ ಹೊರಳು ಬಹಳ ಚುರುಕೆನಿಸಿ, ಎಲಿವಾನ್‌ಗಳ ಚಲನೆಯನ್ನು ಟ್ರಾನ್ಸ್‌ಮಿಟರಿನ ಒಂದು ಗುಂಡಿಯಿಂದ ಅರ್ಧಕ್ಕೆ ಇಳಿಸಿದೆ. ಮುಂದೆ ಬರಿಯ ಆನಂದ. ಹಳದಿ ತೋರಿಸುತ್ತ ಹೋಗಿ, ಕುಂಕುಮ ತೋರಿಸುತ್ತ ತಲೆಯ ಮೇಲೆ ಬರುತ್ತಿತ್ತು. ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಹುಡುಗ “ಮೊರ! ಮೊರ!” ಎಂದು ಕೂಗಿದ. ವಿಮಾನ ಎನ್ನಲಿಲ್ಲ. ನನಗೆ ಬೇಕಿದ್ದ ತೀರ್ಪು ಅದೊಂದೇ.

ಐದು ನಿಮಿಷದ ಮೇಲೆ ಇಳಿಸಲು ತೊಡಗಿದೆ. ಮೂಗನ್ನು ಮೂವತ್ತು ಡಿಗ್ರಿಗಿಂತ ಹೆಚ್ಚು ಎತ್ತಿ, ಮೋಟಾರನ್ನು ಅರ್ಧಕ್ಕಿಂತ ಮೇಲೆಯೇ ಇಟ್ಟರೆ ಮೊರ ಗಾಳಿಗೆ ಒರಗಿಕೊಂಡು ನಡಿಗೆಯ ವೇಗದಲ್ಲಿ ಬರುತ್ತದೆ. ಮಂಡಿಯೆತ್ತರದಲ್ಲಿ ಮೋಟಾರ್ ನಿಲ್ಲಿಸಿದಾಗ ತಳ ಊರಿ ಕುಳಿತಿತು. ಬಲೆಯ ಒಂದು ಕಡ್ಡಿ ಬಿಟ್ಟುಕೊಂಡಿತ್ತು, ಅಷ್ಟೇ. ಇನ್ನೂ ಬಗೆಹರಿಯದ ಕೊರತೆ ಒಂದಿದೆ: ಬಾಯಿಯಿಂದ ಮುಂದಕ್ಕೆ ಚಾಚಿದ ಆ ಮೋಟಾರಿನ ಕೋಲು. ಮುಂದಿನ ಮೊರದಲ್ಲಿ ಎರಡು ಸಣ್ಣ ಮೋಟಾರುಗಳನ್ನು ಬಾಯಿಯ ಅಂಚಿಗೇ ಕೂರಿಸಿ ನೋಡಬೇಕೆಂದಿದ್ದೇನೆ.

ಅಮ್ಮ ಮೊರವನ್ನು ಎತ್ತಿ, ಮಣ್ಣು ಒರೆಸಿ, ಕಣ್ಣಿಗೊತ್ತಿಕೊಂಡಳು. ಕಡ್ಡಿ ಅಂಟಿಸಿ ಬ್ಯಾಟರಿ ಬದಲಿಸಿ ಕೊಡುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಗಾಳಿಗೆ ಮುಖ ಮಾಡಿ ನಿಂತಿದ್ದಳು.