ಸಿಪ್ಯಾಪ್ ಸೆಟ್ಟಿಂಗ್: ಒತ್ತಡಕ್ಕಿಂತ ಮೊದಲು ಲೀಕ್ ನೋಡಿದೆ

ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಉಸಿರು ನಿಲ್ಲುವ ತೊಂದರೆ (ಸ್ಲೀಪ್ ಅಪ್ನಿಯಾ) ನನಗಿದೆ. ಅದಕ್ಕೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಮೆಷಿನ್ ಕೈಗೆ ಬಂದಾಗ ಒತ್ತಡ 4ರಿಂದ 20ಕ್ಕೆ ಸೆಟ್ ಆಗಿತ್ತು. ಅಂದರೆ ಅದು ಕೊಡಬಲ್ಲ ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗೆ. ಲೆಕ್ಕ ಸೆಂಟಿಮೀಟರ್ ನೀರಿನ ಒತ್ತಡದಲ್ಲಿ. ಇದು ಆಟೋ ಮೆಷಿನ್. ಗಂಟಲ ದಾರಿ ಕಿರಿದಾಗುತ್ತಿದೆ ಅನಿಸಿದರೆ ಒತ್ತಡ ಏರಿಸುತ್ತದೆ, ಉಸಿರು ಸಲೀಸಾದ ಮೇಲೆ ಮೆಲ್ಲಗೆ ಇಳಿಸುತ್ತದೆ. ‘ಎಲ್ಲ ಅದೇ ನೋಡಿಕೊಳ್ಳುತ್ತೆ ಬಿಡಿ’ ಎಂದರು ಕೊಟ್ಟವರು. ಅರ್ಧ ನಿಜ.

ಗಾಳಿ ಜೋರಾಗಿ ಬಂದರೆ ಕಷ್ಟ ಎಂದು ಹೊಸಬರೆಲ್ಲ ಹೆದರುತ್ತಾರೆ ಅಲ್ವಾ? ನನಗೆ ಆದದ್ದು ಉಲ್ಟಾ. 4ರಲ್ಲಿ ಗಾಳಿಯೇ ಸಾಲುತ್ತಿರಲಿಲ್ಲ. ಮಾಸ್ಕ್ ಹಾಕಿ ಮಲಗಿದ ಕೂಡಲೇ ಉಸಿರು ಕಟ್ಟಿದ ಹಾಗೆ ಆಗಿ ಕಿತ್ತು ಬಿಸಾಕೋಣ ಅನಿಸುತ್ತಿತ್ತು. ಜೊತೆಗೆ ರ‍್ಯಾಂಪ್ ಬೇರೆ ಆನ್ ಇತ್ತು. ನಿದ್ದೆ ಬರುವವರೆಗೆ ಒತ್ತಡವನ್ನು ಕಡಿಮೆ ಇಟ್ಟು ನಿಧಾನವಾಗಿ ಏರಿಸುವ ಏರ್ಪಾಡು ಅದು. ಕೆಲವರಿಗೆ ಹಿತ. ನಾನು ರ‍್ಯಾಂಪ್ ಸಮಯವನ್ನು ಕಡಿಮೆ ಮಾಡಿದೆ. ಉಸಿರಾಟ ಹಗುರಾಯಿತು.

ರ‍್ಯಾಂಪ್, ತೇವಾಂಶ, ಪೈಪಿನ ಬಿಸಿ: ಇವು ರೋಗಿ ತಾನೇ ಬದಲಿಸಿಕೊಳ್ಳಬಹುದಾದ ಆರಾಮದ ಸೆಟ್ಟಿಂಗ್‌ಗಳು. ಕನಿಷ್ಠ, ಗರಿಷ್ಠ ಒತ್ತಡ ಮಾತ್ರ ವೈದ್ಯರು ಬರೆದುಕೊಡುವ ಔಷಧದ ಪ್ರಮಾಣ ಇದ್ದ ಹಾಗೆ. ಅದನ್ನು ನಾನು ಅವರನ್ನು ಕೇಳದೆ ಮುಟ್ಟಲಿಲ್ಲ. ಹೃದಯದ ತೊಂದರೆ ಇರುವವರಂತೂ ಮುಟ್ಟಲೇಬಾರದು.

ಒತ್ತಡದ ಮಾತಿಗೆ ಮೊದಲು ಲೀಕ್. ಬೆಳಿಗ್ಗೆ ಎದ್ದ ತಕ್ಷಣ ಎಲ್ಲರ ಕಣ್ಣು ಎಎಚ್‌ಐ ಮೇಲೆಯೇ. ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಎಂಬ ಲೆಕ್ಕ ಅದು. 5ರೊಳಗೆ ಇದ್ದರೆ ಸರಿ, 30 ದಾಟಿದರೆ ತೀವ್ರ. ಮೊದಲು ಮಾಡಿದ ನಿದ್ದೆಯ ಪರೀಕ್ಷೆಯಲ್ಲಿ ನನ್ನದು 30 ದಾಟಿತ್ತು. ಆದರೆ ಮಾಸ್ಕಿನಿಂದ ಗಾಳಿ ಸೋರುತ್ತಿದ್ದರೆ ಮೆಷಿನ್‌ಗೆ ಉಸಿರು ಸರಿಯಾಗಿ ತಿಳಿಯುವುದಿಲ್ಲ. ಆಗ ಎಎಚ್‌ಐ ಎಷ್ಟು ತೋರಿಸಿದರೂ ನಂಬುವ ಹಾಗಿಲ್ಲ. ನನ್ನ ಮೆಷಿನ್‌ನಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಅದು ದೊಡ್ಡ ಲೀಕ್.

ಸೋರಿದರೆ ಪಟ್ಟಿ ಬಿಗಿ ಮಾಡಬೇಕು ಎಂದು ಕೈ ತಾನಾಗಿ ಹೋಗುತ್ತದೆ. ಆದರೆ ಕುಷನ್, ಅಂದರೆ ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಮೆತ್ತನೆಯ ಭಾಗ, ಗಾಳಿಯಿಂದ ಸ್ವಲ್ಪ ಉಬ್ಬಿ ಚರ್ಮಕ್ಕೆ ಕೂರಬೇಕು. ತೀರಾ ಬಿಗಿದರೆ ಅದು ಮಡಚಿಕೊಂಡು ಇನ್ನೂ ಜಾಸ್ತಿ ಸೋರುತ್ತದೆ, ಮೂಗಿನ ಮೇಲೆ ಗಾಯ ಬೇರೆ. ಕೂತು ಸರಿ ಮಾಡಿದ ಮಾಸ್ಕ್ ಮಲಗಿದಾಗ ಸರಿ ಇರುವುದಿಲ್ಲ, ಮುಖದ ಆಕಾರವೇ ಬದಲಾಗುತ್ತದೆ. ಹಾಗಾಗಿ ಮೆಷಿನ್ ಆನ್ ಮಾಡಿ, ನಾನು ನಿದ್ದೆ ಮಾಡುವ ಮಗ್ಗುಲಿಗೇ ಮಲಗಿ, ಪಟ್ಟಿಗಳನ್ನು ಸಡಿಲಿಸಿ ಮತ್ತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಉಳಿದದ್ದು ಬಾಯಿಂದ ಹೋಗುವ ಗಾಳಿ. ಮೂಗು ಒಣಗಿ ಕಟ್ಟಿಕೊಳ್ಳುತ್ತಿದ್ದರಿಂದ ಬಾಯಿ ತೆರೆಯುತ್ತಿತ್ತು. ತೇವಾಂಶ ಏರಿಸಿದೆ. ಮೂಗು ಬಿಟ್ಟಿತು, ಆದರೆ ಪೈಪಿನಲ್ಲಿ ನೀರು ಕಟ್ಟಿ ಗೊಳಗೊಳ ಸದ್ದು! ಪೈಪಿನ ಬಿಸಿಯನ್ನೂ ಏರಿಸಿ, ಮೆಷಿನ್‌ ಅನ್ನು ಹಾಸಿಗೆಗಿಂತ ಕೆಳಗೆ ಇಟ್ಟ ಮೇಲೆ ಅದು ನಿಂತಿತು.

ಗ್ರಾಫ್‌ನಲ್ಲಿ ಲೀಕ್ ಗೆರೆ ಚಪ್ಪಟೆಯಾದ ಮೇಲೆಯೇ ಒತ್ತಡ ನೋಡಿದ್ದು. ಮೆಷಿನ್‌ನ ಎಸ್‌ಡಿ ಕಾರ್ಡನ್ನು ಆಸ್ಕರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದರೆ ರಾತ್ರಿಯ ಪ್ರತಿ ಉಸಿರೂ ಕಾಣುತ್ತದೆ. ಅಲ್ಲಿ 95 ಪರ್ಸೆಂಟೈಲ್ ಒತ್ತಡ ಎಂದು ಒಂದು ಅಂಕಿ ಇದೆ. ರಾತ್ರಿಯ ಶೇ. 95ರಷ್ಟು ಹೊತ್ತು ಒತ್ತಡ ಅದರೊಳಗೇ ಇತ್ತು ಎಂದರ್ಥ. ನನ್ನದು 11ರ ಸುತ್ತ ಬರುತ್ತಿತ್ತು. ಮೆಷಿನ್ 4ರಿಂದ ಅಲ್ಲಿಗೆ ಏರುವಷ್ಟರಲ್ಲಿ ಉಸಿರು ಹಲವು ಸಲ ನಿಂತಿರುತ್ತಿತ್ತು. ಗ್ರಾಫ್ ತೋರಿಸಿದಾಗ ವೈದ್ಯರು ಕನಿಷ್ಠವನ್ನು 7ಕ್ಕೆ ಏರಿಸಿ, ಗರಿಷ್ಠವನ್ನು 13ಕ್ಕೆ ಇಳಿಸಿದರು. ಎಎಚ್‌ಐ 5ರ ಕೆಳಗೆ ಬಂತು. ಅವರು ಇನ್ನೊಂದನ್ನೂ ನೋಡಿದರು: ಗಂಟಲು ಮುಚ್ಚಿ ನಿಂತ ಉಸಿರೆಷ್ಟು, ದಾರಿ ತೆರೆದಿದ್ದರೂ ನಿಂತದ್ದೆಷ್ಟು ಎಂದು. ಎರಡನೆಯದು ಜಾಸ್ತಿ ಇದ್ದರೆ ಸುಮ್ನೆ ಒತ್ತಡ ಏರಿಸಿ ಉಪಯೋಗವಿಲ್ಲ, ಕೆಲವರಲ್ಲಿ ಅದು ಇನ್ನೂ ಹೆಚ್ಚಾಗುತ್ತದೆ.

ಹೊಸ ಒತ್ತಡದಲ್ಲಿ ಹೊಟ್ಟೆಯೊಳಗೆ ಗಾಳಿ ಹೋಗತೊಡಗಿತು. ಬೆಳಗ್ಗೆ ಬರೀ ತೇಗು. ಉಸಿರು ಬಿಡುವಾಗ ಒತ್ತಡ ಇಳಿಸುವ ಇಪಿಆರ್ ಎಂಬ ಸೌಲಭ್ಯವಿದೆ, 1ರಿಂದ 3ರವರೆಗೆ. ವೈದ್ಯರನ್ನು ಕೇಳಿ 3 ಇಟ್ಟೆ. ಹೊಟ್ಟೆ ಸರಿಹೋಯಿತು, ಎಎಚ್‌ಐ ಸ್ವಲ್ಪ ಏರಿತು. ಏರದೆ ಇರುತ್ತದೆಯೇ? 7ರಲ್ಲಿ 3 ಹೋದರೆ ಉಸಿರು ಬಿಡುವಾಗ ಗಂಟಲಿಗೆ ಸಿಗುವುದು 4. ಕೊನೆಗೆ 2ಕ್ಕೆ ನಿಲ್ಲಿಸಿದೆವು.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕಡಿಮೆ ಎಂದರೂ ಒಂದು ವಾರ ಕಾಯುವುದು: ಈ ಹಟ ನಾನು ಬಿಡಲಿಲ್ಲ. ಒಂದು ರಾತ್ರಿಯ ಅಂಕಿಗೆ ಬೆಲೆ ಇಲ್ಲ. ನೆಗಡಿ ಇದ್ದರೆ, ಅಂಗಾತ ಮಲಗಿದರೆ, ಕುಡಿದಿದ್ದರೆ ಅದು ಏರುತ್ತದೆ.

ಈಗಲೂ ಕೆಲವೊಮ್ಮೆ ಎಎಚ್‌ಐ ಮೇಲೆ ಹೋಗುತ್ತದೆ. ಹೆಚ್ಚಿನ ಸಲ ಲೀಕ್ ಗೆರೆಯೂ ಅದರ ಜೊತೆಗೇ ಎದ್ದಿರುತ್ತದೆ. ಆಗ ಒತ್ತಡದ ಯೋಚನೆ ಬಿಟ್ಟು ಮಾಸ್ಕಿನ ಕುಷನ್ ತೊಳೆಯುತ್ತೇನೆ. ಅದಕ್ಕೂ ಬಗ್ಗದಿದ್ದರೆ ಹೊಸದು ಹಾಕುತ್ತೇನೆ.