ಹೊಸ ಜೀರುಂಡೆ ಸಿಕ್ಕಿದ್ದು ಡಬ್ಬಿಯಲ್ಲಿ

ಹೊಸ ಪ್ರಭೇದ ಅಂದ ಕೂಡಲೇ ಜನ ಕೇಳುವುದು ಒಂದೇ: "ಯಾವ ಕಾಡಲ್ಲಿ ಸಿಕ್ಕಿತು?" ಹಿಡಿದದ್ದು ಮಳೆಕಾಡಿನಲ್ಲೇ, ನಿಜ. ಆದರೆ ಅದು ಹೊಸದು ಅಂತ ಆ ದಿನ ನನಗೆ ಗೊತ್ತಿರಲಿಲ್ಲ. ಗೊತ್ತಾಗಲು 3 ವರ್ಷ ಹಿಡಿಯಿತು. ಅಷ್ಟೂ ದಿನ ಅದು ನನ್ನ ಮೇಜಿನ ಮೇಲಿನ ಡಬ್ಬಿಯಲ್ಲೇ ಇತ್ತು.

ಹಿಡಿದ ಕಥೆ ಚಿಕ್ಕದು. ಸಗಣಿ ಜೀರುಂಡೆಗೆ ದೊಡ್ಡ ಸಾಹಸವೇನೂ ಬೇಡ. ಒಂದು ಪ್ಲಾಸ್ಟಿಕ್ ಲೋಟವನ್ನು ಅದರ ಬಾಯಿ ನೆಲಕ್ಕೆ ಸಮ ಬರುವಂತೆ ಹೂಳಬೇಕು. ಮೇಲೆ ಒಂದು ಉಂಡೆ ಸಗಣಿಯನ್ನು ಬಟ್ಟೆಯಲ್ಲಿ ಕಟ್ಟಿ ತೂಗುಬಿಡಬೇಕು. ವಾಸನೆಗೆ ಬಂದದ್ದು ಲೋಟಕ್ಕೆ ಬೀಳುತ್ತದೆ. ಹಾಗೆ ಬಿದ್ದವುಗಳಲ್ಲಿ ಕಡಲೆಕಾಳಿಗಿಂತ ಸಣ್ಣ, ಕಪ್ಪು ಹುಳುಗಳು 11 ಇದ್ದವು. ಆಂತೋಫೇಗಸ್ ಕುಲದವು ಅನ್ನುವಷ್ಟು ನೋಡಿದರೇ ತಿಳಿಯಿತು. ಅದರಿಂದ ಮುಂದಕ್ಕೆ ಏನೂ ಹೊಳೆಯಲಿಲ್ಲ. ಆ ಒಂದೇ ಕುಲದಲ್ಲಿ 2,000ಕ್ಕೂ ಜಾಸ್ತಿ ಪ್ರಭೇದಗಳಿವೆ.

ದೊಡ್ಡ ಜೀರುಂಡೆಯಾದರೆ ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಪಿನ್ ಚುಚ್ಚುತ್ತೇವೆ. ಇಷ್ಟು ಸಣ್ಣದಕ್ಕೆ ಚುಚ್ಚಿದರೆ ಒಡೆದೇ ಹೋಗುತ್ತದೆ. ಹಾಗಾಗಿ ತ್ರಿಕೋನದ ಕಾರ್ಡಿನ ತುದಿಗೆ ಅಂಟಿಸಿ, ಪಿನ್ನನ್ನು ಕಾರ್ಡಿಗೆ ಚುಚ್ಚಿದೆ. ಕೆಳಗೆ ಜಾಗ, ದಿನಾಂಕ, ಹಿಡಿದವರ ಹೆಸರು ಬರೆದ ಚೀಟಿ. ಚೀಟಿ ಇಲ್ಲದ ಹುಳು ಎಷ್ಟೇ ಅಪರೂಪದ್ದಾದರೂ ವಿಜ್ಞಾನಕ್ಕೆ ಸುಮ್ನೆ ಒಂದು ಸತ್ತ ಹುಳು.

ಮೊದಲ ತಪ್ಪು ಮಾಡಿದ್ದು ಇಲ್ಲೇ. 11ರಲ್ಲಿ ಐದಕ್ಕೆ ತಲೆಯ ಮೇಲೆ ಒಂದು ಜೊತೆ ಚೆಂದದ ಕೊಂಬು. ಇನ್ನೆರಡು ಗಂಡೇ, ಆದರೆ ಗಾತ್ರದಲ್ಲಿ ಕಿರಿದು, ಕೊಂಬೇ ಇಲ್ಲ. ಉಳಿದ ನಾಲ್ಕು ಹೆಣ್ಣು. ನನಗೆ ಖುಷಿಯೋ ಖುಷಿ. ಒಂದಲ್ಲ, ಎರಡು ಹೊಸ ಪ್ರಭೇದ! ಕೊಂಬಿಲ್ಲದ್ದಕ್ಕೆ ಬೇರೆ ಕಡತ ತೆರೆದು ಎರಡು ಪುಟ ವಿವರಣೆಯನ್ನೂ ಬರೆದೆ. ಒಬ್ಬ ಹಿರಿಯರು ಅದನ್ನು ಓದಿ ನಕ್ಕು ಕೇಳಿದರು: "ಒಳಗೆ ತೆಗೆದು ನೋಡಿದೆಯಾ?"

ಒಳಗೆ ಅಂದರೆ ಗಂಡಿನ ಜನನಾಂಗ. ಹೊರಗಿನಿಂದ ಒಂದೇ ಅಚ್ಚಿನಂತಿರುವ ಜೀರುಂಡೆಗಳನ್ನು ಬೇರೆ ಮಾಡಲು ಅನೇಕ ಸಲ ನಮಗೆ ಇರುವ ದಾರಿ ಅದೊಂದೇ. ಒಣಗಿದ ಹುಳುವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ಹೊಟ್ಟೆಯ ತುದಿಯಿಂದ ಅಂಗವನ್ನು ಸೂಜಿಯಲ್ಲಿ ಎಳೆದು, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟರೆ ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ನೋಡಿದೆ. ಕೊಂಬಿದ್ದದ್ದಕ್ಕೂ ಇಲ್ಲದ್ದಕ್ಕೂ ಒಂದೇ ಆಕಾರ, ತುದಿ ಕೆಳಕ್ಕೆ ಕೊಕ್ಕೆಯಂತೆ ಬಾಗಿದೆ. ಮರಿಯಾಗಿದ್ದಾಗ ಹೊಟ್ಟೆ ತುಂಬ ಸಗಣಿ ಸಿಕ್ಕ ಗಂಡು ದೊಡ್ಡದಾಗಿ ಕೊಂಬು ಬೆಳೆಸುತ್ತದೆ, ಕಡಿಮೆ ತಿಂದದ್ದು ಬೋಳು ತಲೆಯಲ್ಲೇ ಉಳಿಯುತ್ತದೆ. ಆಂತೋಫೇಗಸ್‌ನಲ್ಲಿ ಇದು ಮಾಮೂಲಿ. ಪುಸ್ತಕದಲ್ಲಿ ಓದಿದ್ದೆ ಕೂಡ. ಆಸೆ ಎದುರಿಗಿದ್ದಾಗ ಓದಿದ್ದು ನೆನಪಿಗೆ ಬರುವುದಿಲ್ಲ ನೋಡಿ. ಆ ಕಡತವನ್ನು ಅಳಿಸಿದೆ.

ಆಮೇಲೆ ಶುರುವಾದದ್ದು ನಿಜವಾದ ಕೆಲಸ. ಹೊಸದು ಅನ್ನಬೇಕಾದರೆ ಹಳೆಯದನ್ನೆಲ್ಲ ನೋಡಿರಬೇಕು. ಪ್ರಾಣಿಗಳ ಹೆಸರಿನ ಲೆಕ್ಕ 1758ರಿಂದ, ಅಂದರೆ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ ಗ್ರಂಥದ ಹತ್ತನೇ ಆವೃತ್ತಿಯಿಂದ ಶುರುವಾಗುತ್ತದೆ. ಅಲ್ಲಿಂದ ಈಚೆಗೆ ನಿಯಮದಂತೆ ಯಾರು, ಯಾವ ಭಾಷೆಯಲ್ಲಿ ಹೆಸರಿಟ್ಟಿದ್ದರೂ ಮೊದಲಿನ ಹೆಸರೇ ಗೆಲ್ಲುತ್ತದೆ. ಹಳೆಯ ವಿವರಣೆಗಳಲ್ಲಿ ಕೆಲವು ಲ್ಯಾಟಿನ್‌ನಲ್ಲಿ ಎರಡೇ ಸಾಲು: ಕಪ್ಪು, ಹೊಳಪು, ಎದೆಯ ಮೇಲೆ ಚುಕ್ಕೆ. ಇದು ನೂರು ಹುಳುಗಳಿಗೆ ಹೊಂದುತ್ತದೆ! ಹಾಗಾಗಿ ಮಾತು ಬಿಟ್ಟು, ಆ ಹೆಸರಿಗೆ ಆಧಾರವಾದ ಮೂಲ ಹುಳುವನ್ನೇ ನೋಡಬೇಕು. ಅವು ಇರುವುದು ಹೆಚ್ಚಾಗಿ ಯುರೋಪಿನ ಹಳೆಯ ಮ್ಯೂಸಿಯಂಗಳಲ್ಲಿ.

ಹತ್ತಾರು ಹೆಸರುಗಳನ್ನು ಪಟ್ಟಿ ಮಾಡಿ ಒಂದೊಂದನ್ನೇ ಹೊಡೆದುಹಾಕುತ್ತ ಬಂದೆ. ಕೊನೆಗೆ ಒಂದು ಉಳಿಯಿತು. ಪತ್ರ ಬರೆದು ನಾಲ್ಕು ತಿಂಗಳು ಕಾದ ಮೇಲೆ ಅದರ ಫೋಟೋ ಬಂತು. ನೋಡಿದವನೇ ಕುಸಿದು ಕುಳಿತೆ. ಅದೇ ಹೊಳಪು, ಎದೆಯ ಮುಂಭಾಗದಲ್ಲಿ ಅದೇ ತಗ್ಗು. ನೂರು ವರ್ಷಕ್ಕೂ ಹಿಂದೆ ಯಾರೋ ನನ್ನ ಹುಳುವಿಗೆ ಹೆಸರಿಟ್ಟು ಹೋಗಿದ್ದರು! ಅದರ ಒಳಗಿನ ಭಾಗ ತೆಗೆದು ನೋಡಬಹುದೇ ಅಂತ ಹಿಂಜರಿಯುತ್ತಲೇ ಕೇಳಿದೆ. ಅಂಥ ಹಳೆಯ ಹುಳುವನ್ನು ಮುಟ್ಟುವುದು ಸಣ್ಣ ವಿಷಯವಲ್ಲ. ಅವರು ಮಾಡಿಕೊಟ್ಟರು. ಅದರ ತುದಿ ನೇರ, ಚಮಚದಂತೆ ಅಗಲ. ನನ್ನದು ಕೊಕ್ಕೆ. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಡಿಎನ್‌ಎ ಮಾಡಿಸಿದ್ದರೆ ಮುಗೀತಿತ್ತಲ್ವಾ ಅಂತ ಕೇಳುವವರಿದ್ದಾರೆ. ಮಾಡಿಸಿದೆ. ಒಂದು ಕಾಲು ಕಿತ್ತು ಕಳಿಸಿದರೆ ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ತುಣುಕಿನ, ಅಂದರೆ ಬಾರ್‌ಕೋಡ್ ಭಾಗದ, 658 ಅಕ್ಷರಗಳು ಬರುತ್ತವೆ. ಆದರೆ ಹೋಲಿಸಲು ಎದುರಿಗೆ ಇನ್ನೊಂದು ಇರಬೇಕಲ್ಲ. ಆ ಹಳೆಯ ಹುಳುವಿನದ್ದು ಯಾರ ಬಳಿಯೂ ಇರಲಿಲ್ಲ.

ಹೊಸ ಪ್ರಭೇದದ ಲೇಖನ ಬರೆಯುವುದಕ್ಕೆ ಹಿಡಿದದ್ದು ಎರಡೇ ತಿಂಗಳು. ಕಾಲು, ಮೀಸೆ ಎಲ್ಲ ಮುರಿಯದೆ ಉಳಿದಿದ್ದ ಕೊಂಬಿನ ಗಂಡೊಂದನ್ನು ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಒಂದೇ ಹುಳು, ಅಂತ ಆರಿಸಿದೆ. 1999ರ ನಂತರದ ಹೆಸರುಗಳಿಗೆ ಆಧಾರದ ಹುಳು ಯಾವುದು, ಎಲ್ಲಿ ಇಟ್ಟಿದೆ ಅಂತ ಹೇಳದಿದ್ದರೆ ಹೆಸರು ಲೆಕ್ಕಕ್ಕೇ ಬರುವುದಿಲ್ಲ. ಪತ್ರಿಕೆ ಆನ್‌ಲೈನ್ ಮಾತ್ರವಾಗಿದ್ದರಿಂದ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯೂ ಆಗಬೇಕಿತ್ತು. ಹೆಸರಿನಲ್ಲೂ ಎಡವಿದೆ. ಕುಲದ ಹೆಸರು ಪುಲ್ಲಿಂಗ, ನಾನು ಸ್ತ್ರೀಲಿಂಗದ ವಿಶೇಷಣ ಹಾಕಿದ್ದೆ. ಕಪ್ಪು ಅನ್ನಲು 'ನೈಗರ್' ಬರಬೇಕಾದಲ್ಲಿ 'ನೈಗ್ರಾ' ಬರೆದ ಹಾಗೆ. ಪರಿಶೀಲಕರು ಕೆಂಪು ಗೆರೆ ಎಳೆದು ಕಳಿಸಿದರು.

ಹೋಲೋಟೈಪ್‌ಗೆ ಕೆಂಪು ಚೀಟಿ ಹಾಕಿ ಮ್ಯೂಸಿಯಂಗೆ ಕೊಟ್ಟೆ. ಉಳಿದ ಆರು ಗಂಡು, ಎರಡು ಹೆಣ್ಣಿಗೆ ಪ್ಯಾರಾಟೈಪ್, ಅಂದರೆ ಹೋಲೋಟೈಪ್‌ನ ಜೊತೆಯ ಹುಳುಗಳು, ಎಂಬ ಹಳದಿ ಚೀಟಿ. ಇನ್ನೆರಡು ಹೆಣ್ಣುಗಳ ಎದೆಯ ಚುಕ್ಕೆಗಳು ಯಾಕೋ ಸ್ವಲ್ಪ ಒತ್ತೊತ್ತಾಗಿವೆ. ಪಕ್ಕದ ಪ್ರಭೇದದವೂ ಇರಬಹುದು. ಅವಕ್ಕೆ ಪ್ರಶ್ನಾರ್ಥಕ ಚಿಹ್ನೆ ಬರೆದು ಅದೇ ಡಬ್ಬಿಯಲ್ಲಿ ಬಿಟ್ಟಿದ್ದೇನೆ.