ಕಲ್ಲಿಗೆ ಚೀಟಿ ಬರೆದದ್ದು

ಮಂಗಳೂರಿನ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಕಪಾಟಿನ ತುಂಬ ಕಲ್ಲುಗಳಿದ್ದವು. ಹೆಚ್ಚಿನವಕ್ಕೆ ಚೀಟಿ ಇರಲಿಲ್ಲ. ಇದ್ದವುಗಳಲ್ಲೂ ‘ಖನಿಜ’, ‘ಶಿಲೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. ವಿಜ್ಞಾನ ಕಲಿಸುವವನೆಂದು ಅವುಗಳ ವಿವರ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ನಾನು ಹಿಡಿದ ಕ್ರಮ ಇಷ್ಟೆ: ಹೆಸರು ಕೊನೆಗೆ. ಮೊದಲು ಸಂಖ್ಯೆ, ಸಿಕ್ಕ ಜಾಗ, ತಂದವರು ಯಾರೆಂಬುದು. ಆಮೇಲೆ ಕಣ್ಣಿಗೆ ಕಂಡದ್ದು, ಕೈಗೆ ತಿಳಿದದ್ದು. ಹೆಸರನ್ನು ಬಲ್ಲವರು ಯಾವಾಗಲಾದರೂ ತಿದ್ದಿಕೊಡುತ್ತಾರೆ; ಸಿಕ್ಕ ಜಾಗ ಮರೆತುಹೋದರೆ ಯಾವ ಪಂಡಿತನಿಂದಲೂ ಅದನ್ನು ಹೊರಡಿಸಲಾಗದು.

ಕುದುರೆಮುಖದ ತುಂಡೊಂದಿತ್ತು. ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಇದು ಅದಕ್ಕೂ ಹಿಂದಿನದು. ಕಪ್ಪು, ಮಾಸಲು ಬಿಳಿ ಪಟ್ಟೆಗಳು ಒಂದರ ಮೇಲೊಂದು. ದಾರಕ್ಕೆ ಕಟ್ಟಿದ ಸಣ್ಣ ಆಯಸ್ಕಾಂತ ಕಪ್ಪು ಪಟ್ಟೆಯತ್ತ ವಾಲಿತು. ಬಚ್ಚಲಮನೆಯ ಬಿಳಿ ಟೈಲ್ಸಿನ ನುಣುಪಿಲ್ಲದ ಹಿಂಬದಿಗೆ ಕಪ್ಪು ಭಾಗವನ್ನು ಉಜ್ಜಿದರೆ ಕಪ್ಪು ಗೆರೆಯೇ ಬಂತು. ಅಂದರೆ ಇದು ಮ್ಯಾಗ್ನೆಟೈಟ್, ಆಯಸ್ಕಾಂತ ಸೆಳೆಯುವ ಕಬ್ಬಿಣದ ಅದಿರು. ಕಬ್ಬಿಣದ ಇನ್ನೊಂದು ಅದಿರಾದ ಹೆಮಟೈಟ್ ಆಗಿದ್ದರೆ ಕೆಂಗಂದು ಗೆರೆ ಬರಬೇಕಿತ್ತು. (ಊರಿಗೆ ಹೆಸರು ತಂದ ಮಂಗಳೂರು ಹಂಚು ಈ ಕೆಲಸಕ್ಕೆ ಬಾರದು, ಅದೇ ಕೆಂಪು.) ಬಿಳಿ ಪಟ್ಟೆ ಗಾಜನ್ನು ಸಲೀಸಾಗಿ ಗೀರಿತು. ಅದು ಬೆಣಚು; ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ (Mohs) ಮಾಪಕದಲ್ಲಿ 7.

ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿದಾಗ 420 ಗ್ರಾಂ, ನೀರಿನಲ್ಲಿ ಮುಳುಗಿಸಿದಾಗ 300. ಕಡಿಮೆಯಾದ 120ರಿಂದ 420ನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರವೆಂಬುದು, 3.5. ಬೆಣಚಿನದು 2.65, ಮ್ಯಾಗ್ನೆಟೈಟಿನದು ಸುಮಾರು 5.2. ಅಂದರೆ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಮ್ಯಾಗ್ನೆಟೈಟ್! ಮಕ್ಕಳು ಬಾಯಿಪಾಠ ಮಾಡಿದ ಆರ್ಕಿಮಿಡೀಸ್ ತತ್ತ್ವ ಅಂದು ಬಕೆಟ್ಟಿಗಿಳಿಯಿತು.

ಎಲ್ಲ ಕಲ್ಲೂ ಇಷ್ಟು ಸಲಿಗೆ ಕೊಡುವುದಿಲ್ಲ. ಕರಾವಳಿಯ ತೂತುತೂತಾದ ಕೆಂಪು ಕಟ್ಟಡದ ಕಲ್ಲು, ಮುರಕಲ್ಲಿನ (ಲ್ಯಾಟರೈಟ್) ಚೀಟಿಯಲ್ಲಿ ಗಡಸುತನದ ಜಾಗಕ್ಕೆ ಅಡ್ಡಗೆರೆ ಎಳೆದೆ. ಒಂದು ಕಡೆ ಉಗುರು ಇಳಿಯುತ್ತದೆ, ಬೆರಳಗಲ ಆಚೆ ಮೊಳೆಯೂ ಜಾರುತ್ತದೆ. ಒಂದೊಂದು ಖನಿಜಕ್ಕೆ ಹೊಲಿದ ಮಾಪಕವನ್ನು ಹಲವು ಖನಿಜ ಬೆರೆತ ಶಿಲೆಗೆ ತೊಡಿಸುವುದು ನನಗೆ ಒಪ್ಪಿಗೆಯಿಲ್ಲ. ಬದಲಿಗೆ ರಂಧ್ರಗಳ ಅಗಲ, ಒಳಗಿನ ಹಳದಿ ಜೇಡಿಯ ಬಣ್ಣ, ಯಾವ ಪಣೆಯಲ್ಲಿ (ಕಲ್ಲುಕೋರೆಯಲ್ಲಿ) ಎಷ್ಟು ಆಳದಿಂದ ತೆಗೆದದ್ದು ಎಂದು ಬರೆದೆ. ಆಳ ಮುಖ್ಯ: ಅಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ.

ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು, ಲಾವಾ ತಣಿದು ಕಂಬಗಳಾಗಿ ಸೀಳಿದ ಶಿಲೆ, ನಮ್ಮ ಕಪಾಟಿನಲ್ಲಿಲ್ಲ, ಇರಲೂ ಕೂಡದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳು ಅಲ್ಲೇ ಕುಳಿತು ಕಂಬದ ಮೂಲೆಗಳನ್ನು ಎಣಿಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ವಿವರ ಬರೆದರು. ಆ ಪುಟಗಳಿಗೂ ಸಂಖ್ಯೆ ಕೊಟ್ಟಿದ್ದೇನೆ.

ಕರಾವಳಿಯ ಮಳೆಗಾಲ ಚೀಟಿಗಳ ಶತ್ರು. ಅಂಟಿಸಿದ ಕಾಗದ ಕಳಚುತ್ತದೆ, ಉಳಿದದ್ದನ್ನು ಹುಳು ತಿನ್ನುತ್ತದೆ. ಆದ್ದರಿಂದ ಕಲ್ಲಿನ ಮೂಲೆಯಲ್ಲಿ ಬಿಳಿ ಬಣ್ಣದ ಬೊಟ್ಟಿಟ್ಟು, ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆದು, ಮೇಲೆ ಬಣ್ಣವಿಲ್ಲದ ಉಗುರುಬಣ್ಣ ಬಳಿಯುತ್ತೇನೆ. ವಿವರವೆಲ್ಲ ದಪ್ಪ ರಿಜಿಸ್ಟರಿನಲ್ಲಿ. ಕಬ್ಬಿಣ, ಗಂಧಕ ಸೇರಿದ ಖನಿಜವಾದ ಪೈರೈಟ್ ಮಾತ್ರ ಇದಕ್ಕೂ ಬಗ್ಗದು. ತೇವಕ್ಕೆ ಅದು ಬಿಳಿಪುಡಿ ಬಿಟ್ಟು, ಆಮ್ಲ ಒಸರಿ, ಪಕ್ಕದ ಚೀಟಿಯನ್ನೂ ಸುಡುತ್ತದೆ. ಅದನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ಲನ್ನು ಆಗಾಗ ಬದಲಿಸುತ್ತಿದ್ದೇನೆ.